‘ಎಲ್ಲಾರಿಗೂ ಅದು ಮುದ್ದು, ನನಗ ಅಳು ಬರ್ತದ’

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಅವರ ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ನಾಯಿಯ ಹೆಸರನ್ನೂ ಬದಲಿಸಿದ್ದೇನೆ. ಮುಂಬಯಿಯ ಕಟ್ಟಡಗಳಲ್ಲಿ ಮನೆಯವರ ಹೆಸರು ಗೊತ್ತಿಲ್ಲದಿದ್ದರೂ ನಾಯಿಯ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ? ಬರೆಯಲು ಅವರ ಒಪ್ಪಿಗೆ ಇದೆ.

ವಿಜಯಾ ಅಂತ ಕರೆಯೋಣ. ವಯಸ್ಸು 43. ಹುಟ್ಟೂರು ವಿಜಯಪುರದ ಕಡೆ, ಮದುವೆಯಾಗಿ ಮುಂಬಯಿಗೆ ಬಂದು ಹದಿನೆಂಟು ವರ್ಷ. ಠಾಣೆಯಿಂದ ಆಚೆ ಒಂದು ಸೊಸೈಟಿಯಲ್ಲಿ ಒನ್ ಬಿಎಚ್‌ಕೆ ಮನೆ. ಗಂಡ, ಅತ್ತೆ, ಹನ್ನೆರಡು ವರ್ಷದ ಮಗಳು.

ಮಾಟುಂಗಾದ ನನ್ನ ಕೋಣೆಗೆ ಅವರು ಮೊದಲು ಬಂದದ್ದು ಜುಲೈ ಎರಡನೇ ವಾರ. ಹಳಿ ಮೇಲೆ ನೀರು ನಿಂತು ಲೋಕಲ್ ತಡವಾಗಿತ್ತು. ಕೊಡೆ ಮಡಚಿ ಕೂರುವ ಮೊದಲೇ ತೋಳು ಚಾಚಿ ತೋರಿಸಿದರು. ಮೊಣಕೈವರೆಗೂ ಸಣ್ಣ ಸಣ್ಣ ಗೀರು.

“ಮನ್ಯಾಗ ಏನೋ ನಡದದ ಅಂತ ತಿಳ್ಕೋಬ್ಯಾಡ್ರಿ ಮೇಡಂ. ಇದು ನಾಯಿಮರಿ ಮಾಡಿದ್ದು.”

ನಾನು ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಮಗಳ ಹುಟ್ಟುಹಬ್ಬಕ್ಕೆ ಅಂತ ಜೂನಿನಲ್ಲಿ ಗಂಡ ಒಂದು ಲ್ಯಾಬ್ರಡಾರ್ ಮರಿ ತಂದಿದ್ದರು. ಬಣ್ಣ ನೋಡಿ ಮಗಳು ‘ಪೇಡಾ’ ಅಂತ ಹೆಸರಿಟ್ಟಳು. ಮೂರು ದಿನ ಮನೆಯಲ್ಲಿ ಹಬ್ಬ. ನಾಲ್ಕನೇ ದಿನ ಸ್ಕೂಲು, ಆಫೀಸು ಶುರು. ಅಲ್ಲಿಂದ ಮರಿ ವಿಜಯಾ ಅವರ ಪಾಲಿಗೆ ಬಂತು. ರಾತ್ರಿ ನಾಲ್ಕು ಸಲ ಏಳುವುದು, ದಿನಕ್ಕೆ ಹತ್ತು ಹನ್ನೆರಡು ಸಲ ಉಚ್ಚೆ ಒರೆಸುವುದು, ಅಡಿಗೆ ಮಾಡುವಾಗ ಸೀರೆ ಅಂಚು ಜಗ್ಗಿಸಿಕೊಳ್ಳುವುದು. ಮಳೆಗಾಲ ಬೇರೆ. ಹಾಲ್‌ನಲ್ಲಿ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆಗಳನ್ನೂ ಅದು ಎಳೆದು ಹಾಕುತ್ತಿತ್ತು.

“ಎಲ್ಲಾರಿಗೂ ಅದು ಮುದ್ದು. ನನಗ ಅದರ ಮಾರಿ ನೋಡಿದ್ರ ಅಳು ಬರ್ತದ. ನಾನೇನು ಕೆಟ್ಟಾಕಿ ಏನ್ರಿ?”

ಈ ಪ್ರಶ್ನೆ ಕೇಳಲು ಅವರು ಒಂದೂವರೆ ತಾಸು ರೈಲಿನಲ್ಲಿ ನಿಂತು ಬಂದಿದ್ದರು. ಗೆಳತಿಯರ ಹತ್ತಿರ ಹೇಳಿದರೆ “ಅಯ್ಯೋ, ಎಷ್ಟು ಕ್ಯೂಟ್ ಇದೆ, ಅದರ ಮೇಲೆ ಸಿಟ್ಟಾ?” ಅಂದಿದ್ದರಂತೆ.

ಮೊದಲು ಕೇಳಬೇಕಾದದ್ದನ್ನು ಕೇಳಿದೆ. ಊಟ ಸೇರುತ್ತಾ, ನಿದ್ದೆ ಎಷ್ಟು, ಬದುಕೇ ಬೇಡ ಅನ್ನಿಸುತ್ತಾ. ಊಟ ಪರವಾಗಿಲ್ಲ. ನಿದ್ದೆ ಬಿಡಿಬಿಡಿಯಾಗಿ ನಾಲ್ಕು ತಾಸು. ಸಾಯುವ ಯೋಚನೆ ಇಲ್ಲ. ಇದ್ದಿದ್ದರೆ ದಾರಿ ಬೇರೆಯಾಗುತ್ತಿತ್ತು, ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಹಾಗಿದ್ದರೂ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಬರೆದುಕೊಟ್ಟೆ. ರಾತ್ರಿ ಎರಡು ಗಂಟೆಗೆ ನಾನು ಸಿಗುವುದಿಲ್ಲವಲ್ಲ.

ಆಮೇಲೆ ಅವರಿಗೆ ಒಂದು ಹೆಸರು ಹೇಳಿದೆ: ಪಪ್ಪಿ ಬ್ಲೂಸ್. ಹೆರಿಗೆಯಾದ ಮೇಲೆ ಕೆಲವು ತಾಯಂದಿರಿಗೆ ಆಗುವ ಮಂಕಿನ ಹಾಗೆಯೇ ಮರಿ ಮನೆಗೆ ಬಂದಾಗಲೂ ಆಗುತ್ತದೆ. 2024ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಇದನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ಮಾಡಿದರು. ಅವರಿಗೆ ಕಂಡದ್ದು ಮೂರು ಎಳೆ: ಕಿರಿಕಿರಿ, ಆತಂಕ, ದಣಿವು. ಇದು ಕಾಯಿಲೆಯ ಹೆಸರಲ್ಲ, ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ವಿಜಯಾ ಆ ಮೂರು ಪದಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ದಣಿವು ಅನ್ನುವುದರ ಕೆಳಗೆ ಎರಡು ಗೆರೆ ಎಳೆದರು.

“ವಾಪಸ್ ಕೊಟ್ಟುಬಿಡಲೇನ್ರಿ?” ಅಂತಲೂ ಕೇಳಿದರು. ಕೊಡಬಹುದು ಅಂದೆ. ಚೆನ್ನಾಗಿ ನೋಡಿಕೊಳ್ಳುವ ಮನೆ ಹುಡುಕಿ ಕೊಡುವುದು ಪಾಪದ ಕೆಲಸವೇನಲ್ಲ. ರಸ್ತೆಗೆ ಬಿಡುವುದು ತಪ್ಪು, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಆದರೆ ನಿದ್ದೆಗೆಟ್ಟ ತಲೆಯಲ್ಲಿ ಇದನ್ನು ತೀರ್ಮಾನ ಮಾಡಬೇಡಿ, ಆಗಸ್ಟ್ 15ರವರೆಗೆ ಆ ಪ್ರಶ್ನೆಯನ್ನು ಕಪಾಟಿನಲ್ಲಿಡಿ ಅಂತ ಹೇಳಿದೆ. ಬಾಗಿಲು ತೆರೆದೇ ಇದೆ ಅಂತ ಗೊತ್ತಾದರೆ ಎಷ್ಟೋ ಜನರಿಗೆ ಒಳಗೆ ಕೂರುವುದು ಸುಲಭವಾಗುತ್ತದೆ.

ಇಲ್ಲಿವರೆಗೆ ಸರಿಯಾಗಿಯೇ ಮಾಡಿದೆ. ಮುಂದೆ ನನ್ನ ಹಳೇ ಚಟ ಕೆಲಸ ಮಾಡಿತು. ಟೈಮ್‌ಟೇಬಲ್ ಬರೆದೆ. ಗಂಡ, ಮಗಳು, ಅತ್ತೆ, ವಿಜಯಾ, ಹೀಗೆ ನಾಲ್ಕು ಸಾಲು. ಯಾರು ಯಾವಾಗ ಏನು ಮಾಡಬೇಕು ಅಂತ. ಚೆನ್ನಾಗಿಯೇ ಕಾಣುತ್ತಿತ್ತು.

ಒಂದು ವಾರ ಬಿಟ್ಟು ಬಂದರು. ಟೈಮ್‌ಟೇಬಲ್ ಪಾಲಿಸಿದ್ದರು. ನಾಲ್ಕು ಸಾಲನ್ನೂ ಅವರೊಬ್ಬರೇ ಪಾಲಿಸಿದ್ದರು. “ಅವರಿಗೆ ಹೇಳಿ ಮಾಡಿಸೂಕಿಂತ ನಾನ ಮಾಡೂದು ಲಗೂ ಆಗ್ತದ್ರಿ.”

ಆ ದಿನ ಮಾತಿನ ನಡುವೆ, ಬೇರೇನೋ ಹೇಳುತ್ತಾ, ಒಂದು ವಾಕ್ಯ ಅಂದರು. “ಅಂಡರ್‌ಪ್ಯಾಡ್ ಎರಡು ಪ್ಯಾಕೆಟ್ ಉಳದಿದ್ವು, ಅವನ್ನ ಹಾಸ್ಲಿಕತ್ತೀನಿ. ರೊಕ್ಕ ಕೊಟ್ಟು ತಂದದ್ದು, ಸುಮ್ನೆ ಯಾಕ ಹಾಳು ಮಾಡೋದು.”

ಉಚ್ಚೆ ಹೀರಿಕೊಳ್ಳಲು ಹಾಸುವ ಹಾಳೆಗಳವು. ಯಾರಿಗೆ ತಂದದ್ದು ಅಂತ ಕೇಳಿದೆ.

“ನಮ್ಮ ಮಾವಗ.”

ಮಾವನಿಗೆ ಲಕ್ವ ಹೊಡೆದು ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ವಿಜಯಾ ಆಗ ಅಕೌಂಟ್ಸ್ ಕೆಲಸ ಬಿಟ್ಟರು. ಮಗ್ಗುಲು ಬದಲಿಸುವುದು, ಒರೆಸುವುದು, ಹಾಸಿಗೆ ತೆಗೆಯುವುದು, ಡೆಟಾಲ್ ನೀರು. ಫೆಬ್ರವರಿಯಲ್ಲಿ ಮಾವ ತೀರಿಕೊಂಡರು. ಜುಲೈನಿಂದ ಹಳೇ ಆಫೀಸಿಗೆ ಅರ್ಧ ದಿನ ಹೋಗುವುದು ಅಂತ ಮಾತಾಗಿತ್ತು. ಜೂನಿನಲ್ಲಿ ಪೇಡಾ ಬಂತು.

“ರಾತ್ರಿ ಅದು ಕುಂಯ್ ಅಂದ್ರ, ನನಗ ಎಚ್ಚರ ಆಗೂದರಾಗ ಕಾಲು ಮಾವನ ಮಂಚ ಇದ್ದ ಕಡೆ ಹೋಗಿರ್ತಾವ.”

ನಾನು ನನ್ನ ಟೈಮ್‌ಟೇಬಲನ್ನು ಮಡಚಿ ಡ್ರಾಯರಿನಲ್ಲಿಟ್ಟೆ.

ಅಂದು ಕೊಟ್ಟ ಸಲಹೆ ಎರಡೇ. ಮೊದಲನೆಯದು, ಆ ಪ್ಯಾಕೆಟ್ ಇವತ್ತೇ ಮನೆಯಿಂದ ಹೋಗಬೇಕು. ಹಾಳು ಮಾಡುವುದು ಬೇಡ, ಹಾಸಿಗೆ ಹಿಡಿದವರಿರುವ ಬೇರೆ ಮನೆಗೆ ಕೊಡಿ. ಮರಿಗೆ ಹಳೇ ಪೇಪರ್ ಸಾಕು. ಎರಡನೆಯದು, ಎರಡು ವಾರ ನೀವು ಒರೆಸುವ ಬಟ್ಟೆ ಮುಟ್ಟಬಾರದು. ಊಟ ಹಾಕಿ, ಆಟ ಆಡಿಸಿ, ಬೇಕಿದ್ದರೆ ಬೈಯಿರಿ. ಒರೆಸುವುದು ಮಾತ್ರ ಬೇರೆಯವರು. ಗಂಡ ಬರುವತನಕ ಉಚ್ಚೆ ಅಲ್ಲೇ ಇದ್ದರೆ? ಇರಲಿ, ಮೇಲೊಂದು ಪೇಪರ್ ಹಾಕಿ ಬನ್ನಿ. ಮನೆ ಸ್ವಚ್ಛವಾಗಿರುವುದೇ ತಮ್ಮ ಮರ್ಯಾದೆ ಅಂದುಕೊಂಡು ಬೆಳೆದ ಹೆಣ್ಣಿಗೆ ಇದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಮುಖ ಹುಳ್ಳಗೆ ಮಾಡಿಕೊಂಡೇ ಒಪ್ಪಿದರು.

ಮೂರನೇ ಸಲ ಗಂಡನನ್ನೂ ಕರೆದುಕೊಂಡು ಬರಲು ಹೇಳಿದೆ. ಕೆಟ್ಟ ಮನುಷ್ಯನಲ್ಲ. ಬೆಳಿಗ್ಗೆ 7.40ರ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟುವ ಜೀವ. “ಅಪ್ಪ ಹೋದ ಮ್ಯಾಲ ಮನಿ ಭಣಭಣ ಅನಸ್ತಿತ್ತು. ಇಕಿಗೆ ಒಂದು ಜೊತಿ ಆಗ್ತದ ಅಂತ ತಂದೆ” ಅಂದರು. ಮಗಳ ಹುಟ್ಟುಹಬ್ಬ ಬರೀ ನೆಪ. ವಿಜಯಾ ಇದನ್ನು ಮೊದಲ ಸಲ ಕೇಳುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನನ್ನ ಒಂದು ಮಾತು ಕೇಳಬೇಕಾಗಿತ್ತು.” ಅವರು “ಹೌದು” ಅಂದರು. ಇದಕ್ಕಿಂತ ಜಾಸ್ತಿ ಇಬ್ಬರೂ ಆಡಲಿಲ್ಲ, ನಾನೂ ಆಡಿಸಲಿಲ್ಲ.

ಇನ್ನು ಮರಿಯ ವಿಷಯ. ನಾನು ನಾಯಿ ಡಾಕ್ಟರಲ್ಲ. ಪರಿಚಯದ ಪಶುವೈದ್ಯರನ್ನು ಕೇಳಿಕೊಂಡು ಇಬ್ಬರಿಗೂ ಹೇಳಿದ್ದು ಇದು.

ಎರಡು ತಿಂಗಳ ಮರಿ ಹಗಲು ಹೆಚ್ಚೆಂದರೆ ಮೂರು ತಾಸು ತಡೆದುಕೊಳ್ಳಬಹುದು. ತಿಂಗಳಿಗೆ ಒಂದು ತಾಸು, ಮೇಲೆ ಒಂದು ಅನ್ನುವುದು ಅಂದಾಜು ಲೆಕ್ಕ. ಹಟ ಅಂತ ತಿಳಿಯಬೇಡಿ, ಅದಕ್ಕೆ ತಡೆಯುವ ಶಕ್ತಿಯೇ ಇಲ್ಲ. ಎದ್ದ ತಕ್ಷಣ, ತಿಂದ ಮೇಲೆ, ಆಟ ಆದ ಮೇಲೆ ಪೇಪರ್ ಹತ್ತಿರ ಒಯ್ದು ಬಿಡಬೇಕು. ಸರಿಯಾದ ಜಾಗದಲ್ಲಿ ಮಾಡಿದ ಕೂಡಲೇ ಒಂದು ಚೂರು ತಿಂಡಿ. ಆಮೇಲೆ ಕೊಟ್ಟರೆ ಯಾತಕ್ಕೆ ಕೊಟ್ಟರು ಅಂತ ಅದಕ್ಕೆ ತಿಳಿಯುವುದಿಲ್ಲ. ತಪ್ಪು ಜಾಗದಲ್ಲಿ ಮಾಡಿದರೆ ಮೂತಿ ಹಿಡಿದು ಒತ್ತುವ ಹಳೇ ಪದ್ಧತಿ ಬೇಡವೇ ಬೇಡ, ಅದು ಕದ್ದು ಮಾಡುವುದನ್ನು ಕಲಿಯುತ್ತದೆ ಅಷ್ಟೇ. ಫಿನೈಲ್ ವಾಸನೆ ನಮ್ಮ ಮೂಗನ್ನು ಮುಚ್ಚುತ್ತದೆ, ನಾಯಿಯ ಮೂಗನ್ನಲ್ಲ. ಅದೂ ಅಲ್ಲದೆ ನೆಕ್ಕಿದರೆ ವಿಷ. ಪೆಟ್ ಅಂಗಡಿಯಲ್ಲಿ ಸಿಗುವ, ಉಚ್ಚೆ ವಾಸನೆಯನ್ನೇ ಕಳೆಯುವ ಎಂಜೈಮ್ ದ್ರಾವಣದಿಂದ ಒರೆಸಿದರೆ ಮತ್ತೆ ಅದೇ ಮೂಲೆಗೆ ಹೋಗುವುದು ಕಡಿಮೆಯಾಗುತ್ತದೆ.

ರಾತ್ರಿ ಪೇಡಾನನ್ನು ಅಡಿಗೆಮನೆಯ ಬಾಲ್ಕನಿಯಲ್ಲಿ ಒಂಟಿಯಾಗಿ ಮುಚ್ಚುತ್ತಿದ್ದರು. ತಾಯಿ, ಒಡಹುಟ್ಟಿದವರ ಮೈಗೆ ಅಂಟಿಕೊಂಡು ಮಲಗುತ್ತಿದ್ದ ಕೂಸು ಅದು, ಅಳದೆ ಏನು ಮಾಡೀತು? ಬುಟ್ಟಿಯನ್ನು ಗಂಡ ಮಲಗುವ ಕಡೆ, ಕೈಗೆಟುಕುವ ಹಾಗೆ ಇಡಿ ಅಂದೆ. ಮಲಗುವ ಮೊದಲು ಒಮ್ಮೆ ಪೇಪರ್ ಮೇಲೆ. ಎರಡೂವರೆಗೆ ಅಲಾರಂ, ಅದು ಅಳುವುದಕ್ಕಿಂತ ಮೊದಲೇ. ಆ ಸರದಿ ಗಂಡನದು. ಐದೂವರೆಯದು ಮಗಳದು. ಹನ್ನೆರಡು ವರ್ಷದ ಹುಡುಗಿ ಐದೂವರೆಗೆ ಏಳುತ್ತಾಳಾ ಅಂತ ಅಪ್ಪನಿಗೆ ಅನುಮಾನ. ನಾಯಿ ಬೇಕು ಅಂದವಳು ಅವಳೇ ತಾನೇ, ಏಳಲಿ.

ಕಚ್ಚುವುದರ ಬಗ್ಗೆ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಮಾರಿದವರು ಮರಿಗೆ ‘45 ದಿನ’ ಅಂದಿದ್ದರು. ನಮ್ಮಲ್ಲಿ ಎಲ್ಲರೂ ಹೇಳುವ ಲೆಕ್ಕ ಇದೇ. ಆದರೆ ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ಮರಿ ಕಲಿಯುವುದು ತಾಯಿ ಹತ್ತಿರ, ಜೊತೆ ಮರಿಗಳ ಹತ್ತಿರ. ಆ ಪಾಠ ಅರ್ಧಕ್ಕೆ ನಿಂತಿತ್ತು. ಕೈ ಜಗ್ಗಿದರೆ ಅದಕ್ಕೆ ಆಟ. ಕೈ ಸಡಿಲ ಬಿಟ್ಟು, ಎದ್ದು, ಅರ್ಧ ನಿಮಿಷ ಕೋಣೆಯಿಂದ ಆಚೆ ಹೋಗಿಬಿಡಿ. ಒದ್ದೆ ಬಟ್ಟೆಯನ್ನು ಹುರಿ ಮಾಡಿ ಫ್ರೀಜರಿನಲ್ಲಿಟ್ಟು ಅಗಿಯಲು ಕೊಡಿ. ಮತ್ತೆ, ಸಂಜೆ ಏಳರ ಹೊತ್ತಿಗೆ ಅದಕ್ಕೆ ಹುಚ್ಚು ಹಿಡಿದಂತೆ ಆಗುತ್ತಿತ್ತಲ್ಲ, ಅದು ನಿದ್ದೆ ಸಾಲದ್ದಕ್ಕೆ. ಮರಿಗೆ ದಿನಕ್ಕೆ 18ರಿಂದ 20 ತಾಸು ನಿದ್ದೆ ಬೇಕು. ಸ್ಕೂಲಿನಿಂದ ಬಂದ ಮಗಳು ಮಲಗಿದ ಮರಿಯನ್ನು ಎಬ್ಬಿಸಿ ಆಡಿಸುತ್ತಿದ್ದಳು. ಅದನ್ನು ನಿಲ್ಲಿಸಿದ ಮೇಲೆ ಅರ್ಧ ಗಲಾಟೆ ಇಳಿಯಿತಂತೆ.

ಆ ಗೀರುಗಳನ್ನು ಡಾಕ್ಟರಿಗೆ ತೋರಿಸಿರಲಿಲ್ಲ. ಮನೆ ನಾಯಿ ತಾನೇ ಅಂತ. ರೇಬೀಸ್ ಲಸಿಕೆ ಮರಿಗೆ ಹಾಕುವುದೇ ಮೂರು ತಿಂಗಳ ಹೊತ್ತಿಗೆ. ಲಸಿಕೆ ಆಗಿರಲಿ, ಬಿಡಲಿ, ಹಲ್ಲು, ಉಗುರು ತಾಗಿ ಚರ್ಮ ಕಿತ್ತರೆ ನಲ್ಲಿ ನೀರಿನ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆದು, ಡಾಕ್ಟರನ್ನು ಕಾಣಬೇಕು. ಈ ಒಂದು ವಿಷಯಕ್ಕೆ ನಾನು ಮೊದಲ ದಿನವೇ ಗದರಿದ್ದೆ, ಅವತ್ತೇ ಹೋಗಿ ತೋರಿಸಿದರು. ಉಳಿದ ಲಸಿಕೆಗಳು ಹದಿನಾರು ವಾರ ತುಂಬುವತನಕ ಸುಮಾರು ತಿಂಗಳಿಗೊಂದರಂತೆ ನಡೆಯುತ್ತವೆ. ಮುಗಿಯುವವರೆಗೆ ಹೊರಗೆ ನೆಲಕ್ಕೆ ಬಿಡಬೇಡಿ ಅಂದಿದ್ದರು ಪಶುವೈದ್ಯರು. ಪಾರ್ವೋ ಭಯ, ಮರಿಗಳ ಜೀವ ತೆಗೆಯುವ ವಾಂತಿಭೇದಿ ರೋಗ ಅದು. ಮೇಲಾಗಿ ಮುಂಬಯಿ ಮಳೆ ನೀರು, ಇಲಿ ಉಚ್ಚೆ, ಅದರಿಂದ ಹರಡುವ ಲೆಪ್ಟೋ ಜ್ವರ. ಹಾಗಂತ ಮನೆಯಲ್ಲೇ ಮುಚ್ಚಿಟ್ಟರೆ ದೊಡ್ಡದಾದ ಮೇಲೆ ಎಲ್ಲದಕ್ಕೂ ಹೆದರುತ್ತದೆ. ಎತ್ತಿಕೊಂಡು ಗೇಟಿನವರೆಗೆ ಹೋಗಿ ಕೊಡೆ, ರಿಕ್ಷಾ, ವಾಚ್‌ಮನ್ ಎಲ್ಲ ತೋರಿಸಿ. ಗಣಪತಿ ಬರುವ ಮೊದಲು ಢೋಲ್ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಕೇಳಿಸುತ್ತಾ ಬನ್ನಿ.

ಸೊಸೈಟಿಯವರು ಲಿಫ್ಟಿಗೆ ನಾಯಿ ತರಬೇಡಿ ಅಂತ ಚೀಟಿ ಅಂಟಿಸಿದ್ದರು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಹಾಗೆ ತಡೆಯುವಂತಿಲ್ಲ. ಅದರ ಪ್ರತಿಯನ್ನು ಸೆಕ್ರೆಟರಿಗೆ ಕೊಟ್ಟರು, ಚೀಟಿ ಹೋಯಿತು.

ಅತ್ತೆಯದು ಬೇರೆ ಕಥೆ. “ನಾಯಿ ಅಂದ್ರ ಕಟ್ಟಿ ಮ್ಯಾಲಿರಬೇಕು, ಗಾದಿ ಮ್ಯಾಲಲ್ಲ” ಅಂತ ದಿನವೂ ಗೊಣಗುತ್ತಾ, ಯಾರೂ ನೋಡದಾಗ ಅಂಗೈಯಲ್ಲಿ ಒಣದ್ರಾಕ್ಷಿ ಇಟ್ಟು ತಿನ್ನಿಸುತ್ತಿದ್ದರು. ವಿಜಯಪುರದವರ ಮನೆಯಲ್ಲಿ ಒಣದ್ರಾಕ್ಷಿಗೆ ಬರವೇ? ದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು, ಹಸಿಯದಾದರೂ ಒಣಗಿದ್ದಾದರೂ. ಈರುಳ್ಳಿಯೂ ಬೇಡ. ಮೊಮ್ಮಗಳು ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು. ಅಜ್ಜಿ ಎರಡು ದಿನ ಮಾತು ಬಿಟ್ಟರು. ಗೊಣಗುವುದು ಇನ್ನೂ ನಿಂತಿಲ್ಲ.

ಒರೆಸುವ ಬಟ್ಟೆಯ ವ್ರತ ಎರಡು ವಾರ ಪೂರ್ತಿ ನಡೆಯಲಿಲ್ಲ. ಹನ್ನೊಂದನೇ ದಿನ ನೆಂಟರು ಬಂದರು ಅಂತ ವಿಜಯಾ ಒರೆಸಿದರು. “ಅವತ್ತ ಮಾವ ನೆನಪಾಗ್ಲಿಲ್ರಿ, ನೆಂಟರ ಮ್ಯಾಲ ಸಿಟ್ಟು ಬಂತು” ಅಂದರು. ನನಗೆ ಸಾಕಾಯಿತು. ಮಾವನ ಬಗ್ಗೆ ಮಾತಾಡಲು ಇನ್ನೂ ಎರಡು ಸಲ ಬಂದರು. ಅದು ಅವರಿಗೇ ಬಿಟ್ಟದ್ದು, ಇಲ್ಲಿ ಬರೆಯುವುದಿಲ್ಲ.

ಆಗಸ್ಟ್ 15 ದಾಟಿತು. ಕಪಾಟಿನ ಪ್ರಶ್ನೆಯನ್ನು ನಾನೇ ತೆಗೆದೆ. ಪ್ರೀತಿ ಅಂತೇನೂ ಹುಟ್ಟಿಲ್ಲ, ಆದರೆ ಇರಲಿ ಅಂದರು. ಸೆಪ್ಟೆಂಬರಿನಿಂದ ಅರ್ಧ ದಿನ ಆಫೀಸಿಗೆ ಹೋಗುತ್ತಿದ್ದಾರೆ.

ಅಕ್ಟೋಬರಿನಲ್ಲಿ ಫೋನ್ ಬಂತು. ದೀಪಾವಳಿಗೆ ಊರಿಗೆ ಹೋಗಬೇಕು, ರೈಲಿನಲ್ಲಿ ನಾಯಿ ಜೊತೆಗೆ ಬರಬೇಕೆಂದರೆ ಫಸ್ಟ್ ಕ್ಲಾಸಿನ ಇಡೀ ಕೂಪೆ ಹಿಡಿಯಬೇಕು, ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಏನು ಮಾಡಿದಿರಿ ಅಂತ ಕೇಳಿದೆ.

“ನಾನು, ಅತ್ತಿ, ಮಗಳು ಹೊಂಟೀವ್ರಿ, ಎಂಟು ದಿನ. ಅವರು ಪೇಡಾನ ಸಂಗಟ ಇಲ್ಲೇ ಇರ್ತಾರ. ಎರಡೂವರಿ ಅಲಾರಂ ಇನ್ನ ಬೇಕಿಲ್ಲ ಅಂತ ನಾ ಅವರಿಗೆ ಇನ್ನೂ ಹೇಳಿಲ್ಲ.”