ಸಂಜೆ ಆರರ ನಂತರ ಏನು ಮಾಡಬೇಕು: ಬೆಳಗಾವಿ, ಬಾದಾಮಿ, ವಿಜಯಪುರಗಳ ಮೂರು ರಾತ್ರಿಗಳು

ನಮಸ್ಕಾರ. ಡಿಸೆಂಬರಿನ ಕೊನೆಯ ವಾರದಲ್ಲಿ ದಾವಣಗೆರೆಯಿಂದ ಕಾರಿನಲ್ಲಿ ಹೊರಟು ಬೆಳಗಾವಿ, ಬಾದಾಮಿ, ವಿಜಯಪುರಗಳಲ್ಲಿ ಒಂದೊಂದು ರಾತ್ರಿ ತಂಗುವ ನಿಮ್ಮ ಯೋಜನೆಯನ್ನೂ ಅದಕ್ಕೆ ಬಂದಿರುವ ಉತ್ತರಗಳನ್ನೂ ಓದಿದೆ. ಹಗಲಿನಲ್ಲಿ ನೋಡಬೇಕಾದುದನ್ನು ಉಳಿದವರು ಸಾಕಷ್ಟು ಹೇಳಿದ್ದಾರೆ, ಆದರೆ ನೀವು ಕೇಳಿದ್ದು ಸಂಜೆಯ ವಿಷಯ. ಕಳೆದ ಪ್ರವಾಸದಲ್ಲಿ ಲಾಡ್ಜ್ ಸೇರಿದ ಮೇಲೆ ಮಕ್ಕಳಿಬ್ಬರೂ ಮೊಬೈಲ್ ಹಿಡಿದು ಮಲಗಿದರೆಂದೂ, ತಾಯಿಯವರು ಮಾತಿಗೆ ಯಾರೂ ಇಲ್ಲದೆ ಬೇಸರಪಟ್ಟರೆಂದೂ, ಈ ಸಲ ಹಾಗಾಗದಿರಲು ಬೋರ್ಡ್ ಆಟಗಳನ್ನು ಹೊತ್ತು ತರಬೇಕೇ ಎಂದೂ ಬರೆದಿದ್ದೀರಿ. ನಾನು ಬಾಗಲಕೋಟೆಯ ನವನಗರದಲ್ಲಿರುವವನು. ಈ ಮೂರೂ ಜಿಲ್ಲೆಗಳಲ್ಲಿ ಮನೆಮಂದಿಯೊಂದಿಗೆ ಹಲವು ಸಲ ಹೀಗೆಯೇ ತಂಗಿದ್ದೇನೆ, ಹಲವು ಸಂಜೆಗಳನ್ನು ಕೆಡಿಸಿಕೊಂಡೂ ಇದ್ದೇನೆ.

ಸಂಜೆ ಕೆಡುವುದು ಲಾಡ್ಜಿನಲ್ಲಲ್ಲ, ರಸ್ತೆಯಲ್ಲಿ. ಏಳೂವರೆಗೆ ದಣಿದು ಕೋಣೆ ಸೇರಿದ ಕುಟುಂಬಕ್ಕೆ ಊಟ ಮತ್ತು ಮೊಬೈಲ್ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಡಿಸೆಂಬರಿನಲ್ಲಿ ನಮ್ಮ ಕಡೆ ಸುಮಾರು ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ, ಜೂನ್ ತಿಂಗಳಿನಲ್ಲಿ ಸಿಗುವ ಇನ್ನೊಂದು ಗಂಟೆಯ ಬೆಳಕು ಈಗ ಸಿಗುವುದಿಲ್ಲ. ಆದ್ದರಿಂದ ಮಧ್ಯಾಹ್ನ ಒಂದು ಸ್ಥಳವನ್ನು ಕೈಬಿಡಬೇಕಾದರೂ ಚಿಂತೆಯಿಲ್ಲ, ನಾಲ್ಕು ಅಥವಾ ನಾಲ್ಕೂವರೆಗೆ ತಂಗುವ ಊರಿನಲ್ಲಿ ಕಾರು ನಿಂತಿರಲಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮೊದಲಿನದಕ್ಕಿಂತ ದೊಡ್ಡದು. ನೀವು ಬರುವುದು ಕಬ್ಬು ನುರಿಸುವ ಹಂಗಾಮಿನಲ್ಲಿ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಗಳ ಕಡೆ ಸಾಗುತ್ತಿರುತ್ತವೆ. ಅವುಗಳ ಧ್ವನಿವರ್ಧಕದ ಹಾಡು ಅರ್ಧ ಮೈಲಿಯಿಂದಲೇ ಕೇಳಿಸುತ್ತದೆ, ಹಿಂಬದಿಯ ದೀಪ ಮಾತ್ರ ಹತ್ತು ಮಾರು ದೂರಕ್ಕೂ ಕಾಣಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಬೆಳಗಾವಿಯಿಂದ ಮರಳುವಾಗ, ಯರಗಟ್ಟಿ ದಾಟಿದ ಮೇಲೆ, ಅಚ್ಚು ಮುರಿದು ನಡುರಸ್ತೆಯಲ್ಲಿ ನಿಂತಿದ್ದ ಒಂದು ಟ್ರೇಲರನ್ನು ನಾನು ಕಂಡಿದ್ದು ಅದರ ಹಿಂದೆ ಗುರುತಿಗೆಂದು ಇಟ್ಟಿದ್ದ ಕಲ್ಲುಗಳ ಮೇಲೆ ನನ್ನ ಕಾರಿನ ಬೆಳಕು ಬಿದ್ದ ಮೇಲೆಯೇ. ಬ್ರೇಕ್ ಹಿಡಿಯಿತು, ಹಿಂದಿನ ಸೀಟಿನ ಚೀಲಗಳೆಲ್ಲ ಮುಂದೆ ಬಂದು ಬಿದ್ದವು, ನಾವು ಉಳಿದೆವು. ಅಂದಿನಿಂದ ನವೆಂಬರಿನಿಂದ ಮಾರ್ಚ್‌ವರೆಗೆ ಕತ್ತಲಾದ ಮೇಲೆ ಈ ಭಾಗದ ದ್ವಿಪಥ ರಸ್ತೆಗಳಲ್ಲಿ ಊರಿಂದೂರಿಗೆ ಕಾರು ಓಡಿಸುವುದನ್ನು ಬಿಟ್ಟಿದ್ದೇನೆ.

ಕೋಣೆ ಸೇರಿದ ಮೊದಲ ಅರ್ಧ ಗಂಟೆ ಕೆಲಸಕ್ಕೆ ಮೀಸಲಿರಲಿ. ಮೂರು ರಾತ್ರಿಗೂ ಬೇಕಾದ ಬಟ್ಟೆಬರೆಗಳನ್ನು ಒಂದು ಸಣ್ಣ ಚೀಲದಲ್ಲಿ ಬೇರೆಯಾಗಿಟ್ಟರೆ ದೊಡ್ಡ ಪೆಟ್ಟಿಗೆಗಳು ಡಿಕ್ಕಿಯಿಂದ ಇಳಿಯಬೇಕಾಗಿಲ್ಲ. ಮುಂಭಾಗದ ಗಾಜಿಗೆ ಬಡಿದ ಹುಳುಗಳನ್ನು ಅಂದೇ ಒದ್ದೆ ಬಟ್ಟೆಯಿಂದ ಒರೆಸಬೇಕು, ಬೆಳಗಾದರೆ ಅವು ಅಂಟಿಕೊಂಡು ಉಜ್ಜಿದರೂ ಹೋಗುವುದಿಲ್ಲ. ಟೈರುಗಳನ್ನು ಒಂದು ಸುತ್ತು ನೋಡಿ ಮೊಳೆಯೋ ಕಲ್ಲೋ ಸಿಕ್ಕಿಕೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಈ ಕೆಲಸವನ್ನು ನಿಮ್ಮ ಹದಿಮೂರರ ಮಗನಿಗೇ ವಹಿಸಬಹುದು. ಗಾಳಿಯ ಒತ್ತಡವನ್ನು ಮಾತ್ರ ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯುವುದು ಸರಿ. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನು ಕೌಂಟರಿನಲ್ಲೇ ಕೇಳಿಕೊಳ್ಳಿ. ಇಷ್ಟಾದ ಮೇಲೆ ಕಾರಿನ ಕೀಲಿಯನ್ನು ಮರೆತುಬಿಡಿ.

ಮೊದಲನೆಯ ರಾತ್ರಿ ಬೆಳಗಾವಿ. ಮೂರು ಊರುಗಳಲ್ಲಿ ಕತ್ತಲಾದ ಮೇಲೆ ಕಳೆ ಕಟ್ಟುವ ಊರು ಇದೊಂದೇ. ನಾಲ್ಕೂವರೆಗೆ ತಲುಪಿದರೆ ಮೊದಲು ಕೋಟೆಗೆ ಹೋಗಿ. ಒಳಗಿರುವ ಕಮಲ ಬಸದಿ ಹದಿಮೂರನೆಯ ಶತಮಾನದ ಆರಂಭದ್ದು, ಅದರ ಛಾವಣಿಯಲ್ಲಿ ತೂಗುಬಿದ್ದಂತಿರುವ ಕಲ್ಲಿನ ಕಮಲವನ್ನು ನೋಡಲು ಬೆಳಕಿರಬೇಕು. ಕೋಟೆಯೊಳಗೇ ರಾಮಕೃಷ್ಣ ಆಶ್ರಮವೂ ಇದೆ. ಮುಸ್ಸಂಜೆಯ ಆರತಿಯ ಹೊತ್ತಿಗೆ ತಾಯಿಯವರನ್ನು ಅಲ್ಲಿ ಕೂರಿಸಿದರೆ ಅವರಿಗೆ ಅದೊಂದೇ ಸಾಕಾಗಬಹುದು. ಆ ಭಾಗದಲ್ಲಿ ಸೇನೆಗೆ ಸೇರಿದ ಜಾಗಗಳಿರುವುದರಿಂದ ಕಂಡಕಂಡಲ್ಲಿ ಫೋಟೊ ತೆಗೆಯಬೇಡಿ. ಕತ್ತಲಾದ ಮೇಲೆ ಆಟೋ ಹಿಡಿದು ಖಡೇಬಜಾರ್ ಮತ್ತು ಗಣಪತ ಗಲ್ಲಿಯ ಕಡೆ ನಡೆಯಿರಿ. ಕಾರು ಒಯ್ದರೆ ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಸಂಜೆ ಮುಗಿಯುತ್ತದೆ. ಅಂಗಡಿಯವರು ಮರಾಠಿಯಲ್ಲಿ ಮಾತು ಆರಂಭಿಸಿದರೂ ನೀವು ಕನ್ನಡದಲ್ಲಿ ಉತ್ತರಿಸಿದರೆ ವ್ಯಾಪಾರಕ್ಕೆ ತೊಂದರೆಯಾಗಿದ್ದನ್ನು ನಾನು ಕಂಡಿಲ್ಲ. ಕುಂದಾವನ್ನು ಅಲ್ಲಿಯೇ ಕೊಳ್ಳಿ, ಆದರೆ ಕಾಲು ಕಿಲೋ ಸಾಕು, ಏಕೆಂದರೆ ಮಕ್ಕಳು ಅರ್ಧಕ್ಕೇ ಕೈಬಿಡುತ್ತಾರೆ ಮತ್ತು ಉಳಿದುದನ್ನು ನೀವೇ ಮುಗಿಸಬೇಕಾಗುತ್ತದೆ.

ಒಂದು ಎಚ್ಚರಿಕೆ: 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನವು ಸಾಮಾನ್ಯವಾಗಿ ಡಿಸೆಂಬರಿನಲ್ಲೇ ನಡೆಯುತ್ತದೆ. ಆ ದಿನಗಳಲ್ಲಿ ಊರಿನಲ್ಲಿ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದರ ಏರಿರುತ್ತದೆ. ದಿನಾಂಕ ಪ್ರಕಟವಾದ ಕೂಡಲೇ ನೋಡಿಕೊಂಡು ಕಾಯ್ದಿರಿಸಿ.

ಬಾದಾಮಿಯ ವಿಷಯದಲ್ಲಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೇಣಬಸದಿಗಳನ್ನು, ಅಂದರೆ ಬಂಡೆ ಕೊರೆದ ಗುಹಾಲಯಗಳನ್ನು ನೋಡಿ, ಕತ್ತಲಾಗುವ ಮೊದಲೇ ಹೊರಟು, ಈ ಊರಿನ ಅತ್ಯುತ್ತಮ ಗಂಟೆಯನ್ನು ಕಳೆದುಕೊಳ್ಳುತ್ತಾರೆ. ಗುಹೆಗಳು ಮರುದಿನ ಬೆಳಿಗ್ಗೆಗೆ ಇರಲಿ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಮುಚ್ಚುವ ಹೊತ್ತಿನಲ್ಲಿ ಕಾವಲುಗಾರನ ಸಿಳ್ಳೆ ಕೇಳುತ್ತ ನೋಡುವುದು ಅನ್ಯಾಯ. ಬೆಳಗಾವಿಯಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೂ ದಾರಿಯಲ್ಲಿ ಊಟ ಮುಗಿಸಿ ಮೂರರೊಳಗೆ ಬಾದಾಮಿ ಸೇರಬಹುದು. ತುಸು ವಿಶ್ರಾಂತಿ ಪಡೆದು ನಾಲ್ಕೂವರೆಯ ಹೊತ್ತಿಗೆ ಹಳೆಯ ಊರಿನ ಓಣಿಗಳ ಮೂಲಕ ಅಗಸ್ತ್ಯ ತೀರ್ಥದ ದಂಡೆಗೆ ನಡೆದುಹೋಗಿ. ಊರು ಕೆರೆಯ ಪಶ್ಚಿಮಕ್ಕಿದೆ, ಎದುರಿನ ಬಂಡೆಗಳು ಮತ್ತು ಭೂತನಾಥ ದೇವಾಲಯ ಪೂರ್ವಕ್ಕಿವೆ. ಆದ್ದರಿಂದ ಇಳಿಬಿಸಿಲು ನೇರವಾಗಿ ಆ ಕೆಂಪು ಕಲ್ಲಿನ ಮೇಲೆ ಬೀಳುತ್ತದೆ ಮತ್ತು ಕೊನೆಯ ಅರ್ಧ ಗಂಟೆಯಲ್ಲಿ ಬಂಡೆಯ ಬಣ್ಣ ನೋಡುನೋಡುತ್ತಲೇ ಬದಲಾಗುತ್ತದೆ. ಮೆಟ್ಟಿಲುಗಳ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರೆ ಆ ಸದ್ದು ಬಂಡೆಗೆ ತಾಗಿ ಮರಳುವುದನ್ನು ಮಕ್ಕಳಿಗೆ ಕೇಳಿಸಿ.

ನಡೆಯಬಲ್ಲವರು ವಸ್ತುಸಂಗ್ರಹಾಲಯದ ಕಡೆಯಿಂದ ಕೆರೆಯ ಅಂಚಿನ ದಾರಿ ಹಿಡಿದು ಭೂತನಾಥನವರೆಗೆ ಹೋಗಿಬರಬಹುದು. ಹತ್ತುವ ದಾರಿಯಲ್ಲವಾದ್ದರಿಂದ ನಿಧಾನವಾಗಿ ನಡೆದರೆ ಮಂಡಿನೋವಿನವರಿಗೂ ಆದೀತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ಬಿಸ್ಕತ್ತು ಯಾವುದೂ ಬೇಡ. ಬಾದಾಮಿಯ ಮಂಗಗಳು ಚೀಲದ ಸರಪರ ಸದ್ದಿಗೇ ಇಳಿದು ಬರುತ್ತವೆ, ಕನ್ನಡಕವನ್ನೂ ಬಿಡುವುದಿಲ್ಲ. ಕತ್ತಲಾಗುವ ಮೊದಲು ಮರಳಿ, ಟಾರ್ಚ್ ಒಂದು ಜೇಬಿನಲ್ಲಿರಲಿ.

ತಾಯಿಯವರು ಕೆರೆಗಿಂತ ದೇವಸ್ಥಾನ ಬಯಸಿದರೆ ಬನಶಂಕರಿ ಕೇವಲ 5 ಕಿ.ಮೀ. ದೂರದಲ್ಲಿದೆ. ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕೆಂಬ ನಿಯಮವನ್ನು ಸಂಜೆಯ ಮಟ್ಟಿಗೆ ಸಡಿಲಿಸುವುದು ಒಳ್ಳೆಯದು. ಇಬ್ಬರು ಆಟೋದಲ್ಲಿ ಬನಶಂಕರಿಗೆ ಹೋಗಿಬರಲಿ, ಇನ್ನಿಬ್ಬರು ಮೂವರು ಕೆರೆಯ ಬಳಿಯೇ ಉಳಿಯಲಿ. ಊಟದ ಹೊತ್ತಿಗೆ ಮಾತನಾಡಲು ವಿಷಯವಾದರೂ ಇರುತ್ತದೆ. ಮರುದಿನ ಮಧ್ಯಾಹ್ನ ಬನಶಂಕರಿಯ ಕಡೆ ಹೋಗುವುದಾದರೆ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ ತಂದು ಬಡಿಸುವ ಅವ್ವಂದಿರಿಂದ ಹತ್ತು ಖಡಕ್ ರೊಟ್ಟಿಯನ್ನೂ ಒಂದಿಷ್ಟು ಶೇಂಗಾ ಹಿಂಡಿಯನ್ನೂ ಕಟ್ಟಿಸಿಕೊಳ್ಳಿ, ಅದು ಮೂರನೆಯ ರಾತ್ರಿಗೆ ಒದಗುತ್ತದೆ. ಅವರು “ಯಾವೂರ್ರೀ ನಿಮ್ದು?” ಎಂದು ಕೇಳದೆ ಬಿಡುವುದಿಲ್ಲ, ನಿಮ್ಮ ತಾಯಿಯವರಿಗೆ ಮಾತಿಗೆ ಜನ ಸಿಗುವುದೂ ಅಲ್ಲಿಯೇ.

ಬಾದಾಮಿಯಲ್ಲಿ ರಾತ್ರಿ ಊಟವನ್ನು ಖಾನಾವಳಿಯಲ್ಲಿ ಎಂಟರೊಳಗೆ ಮುಗಿಸಿ, ತಡವಾದರೆ ಬಿಸಿ ರೊಟ್ಟಿ ಸಿಗುವುದಿಲ್ಲ. ನಂತರ ಲಾಡ್ಜಿನವರ ಅನುಮತಿ ಪಡೆದು ಮಾಳಿಗೆ ಏರಿರಿ. ಡಿಸೆಂಬರಿನ ಆಕಾಶ ಸ್ವಚ್ಛವಾಗಿರುತ್ತದೆ. ಎಂಟು ಗಂಟೆಯ ಸುಮಾರಿಗೆ ಕೃತ್ತಿಕೆಯ ಗೊಂಚಲು ಸಾಕಷ್ಟು ಮೇಲಕ್ಕೆ ಬಂದಿರುತ್ತದೆ, ಅದರ ಕೆಳಗೆ ಪೂರ್ವದಲ್ಲಿ ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ಏಳುತ್ತಿರುತ್ತಾನೆ. ಅವನ ಸೊಂಟದ ಮೂರು ಚುಕ್ಕಿಗಳನ್ನು ನಿಮ್ಮ ಒಂಬತ್ತರ ಮಗಳು ನೀವು ತೋರಿಸುವ ಮೊದಲೇ ಗುರುತಿಸಿಯಾಳು. ಶಾಲು ಮರೆಯಬೇಡಿ.

ಪ್ರಯಾಣವನ್ನು ಪುಷ್ಯ ಮಾಸದ ಬನದ ಹುಣ್ಣಿಮೆಗೆ ಹೊಂದಿಸಲು ಸಾಧ್ಯವಾದರೆ ಸಂಜೆಯ ಪ್ರಶ್ನೆಯೇ ಏಳುವುದಿಲ್ಲ. ಬನಶಂಕರಿ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವೆ, ರಾತ್ರಿಯ ಆಟಗಳು ತಡವಾಗಿ ಮುಗಿಯುತ್ತವೆ. ಆದರೆ ಆಗ ಬಾದಾಮಿಯಲ್ಲಿ ಕೋಣೆ ಸಿಗುವುದು ಬಹಳ ಕಷ್ಟ. ಕಂಪನಿ ನಾಟಕದ ಹಾಸ್ಯದಲ್ಲಿ ಮಕ್ಕಳೆದುರು ಮುಜುಗರವಾಗುವ ಮಾತುಗಳೂ ಬರುತ್ತವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಬಾಗಲಕೋಟೆಯಲ್ಲಿ ತಂಗಿರೆಂದು ಒಬ್ಬರು ಸಲಹೆ ನೀಡಿದ್ದಾರೆ. ಊರಿನ ಅಭಿಮಾನ ನನಗೂ ಇದೆ. ಆದರೆ ನವನಗರವು ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಸೆಕ್ಟರುಗಳಾಗಿ ಕಟ್ಟಿದ ಊರು. ಇಲ್ಲಿ ಅಗಲವಾದ ರಸ್ತೆಗಳಿವೆ, ಒಳ್ಳೆಯ ಕೋಣೆಗಳಿವೆ, ಸಂಜೆ ಮಂಡಕ್ಕಿಯ ಗಿರಮಿಟ್ಟೂ ಸಿಗುತ್ತದೆ. ಮಿರ್ಚಿ ಮಂಡಕ್ಕಿಯ ಊರಿನವರಾದ ನೀವು ಗಿರಮಿಟ್ಟಿಗಾಗಿ ಒಂದು ರಾತ್ರಿ ಖರ್ಚು ಮಾಡಬೇಕಾಗಿಲ್ಲ.

ಮೂರನೆಯ ರಾತ್ರಿ ವಿಜಯಪುರ. ದಾರಿಯಲ್ಲಿ ಕೃಷ್ಣೆಯ ಉದ್ದನೆಯ ಸೇತುವೆ ದಾಟಿದ ಮೇಲೆ ಸಿಗುವ ಕೊಲ್ಹಾರದಲ್ಲಿ ಗಡಿಗೆಯ ಮೊಸರು ಕೊಳ್ಳಿ. ಬನಶಂಕರಿಯ ರೊಟ್ಟಿ, ಹಿಂಡಿ ಮತ್ತು ಈ ಮೊಸರು ಸೇರಿದರೆ ಆ ರಾತ್ರಿ ಹೋಟೆಲ್ ಹುಡುಕುವ ಅಗತ್ಯವೇ ಬೀಳದು. ಮೂರು ದಿನದ ಓಡಾಟದ ನಂತರ ಕೋಣೆಯಲ್ಲೇ ಪೇಪರ್ ಹಾಸಿ ಊಟ ಮಾಡುವುದನ್ನು ನಮ್ಮ ಮನೆಯ ಮಕ್ಕಳು ಹೋಟೆಲಿಗಿಂತ ಹೆಚ್ಚು ಇಷ್ಟಪಟ್ಟಿದ್ದಾರೆ.

ಸಂಜೆ ಗೋಳಗುಮ್ಮಟಕ್ಕೆ ಹೋಗಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಡಿಸೆಂಬರ್ ಶಾಲಾ ಪ್ರವಾಸಗಳ ತಿಂಗಳು, ಸಂಜೆಯ ಹೊತ್ತಿಗೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ನೂರಾರು ಮಕ್ಕಳ ಕೂಗು ಬಿಟ್ಟರೆ ಯಾವ ಪಿಸುಮಾತೂ ಕೇಳಿಸುವುದಿಲ್ಲ. ಮರುದಿನ ಬಾಗಿಲು ತೆರೆಯುತ್ತಿದ್ದಂತೆ ಮೊದಲಿಗರಾಗಿ ಮೇಲೇರಿ. ಸಂಜೆಗೆ ಊರಿನ ಪಶ್ಚಿಮ ಭಾಗ ಸೂಕ್ತ. ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕದ್ದು, ಅದರ ಬಾಯಿಯಲ್ಲಿ ಆನೆಯನ್ನು ನುಂಗುತ್ತಿರುವ ಸಿಂಹವನ್ನು ಮಕ್ಕಳೇ ಹುಡುಕಲಿ. ಅಲ್ಲಿಗೆ ಸಮೀಪದಲ್ಲೇ ಇರುವ ಉಪ್ಪಲಿ ಬುರುಜು ಸುಮಾರು 80 ಅಡಿ ಎತ್ತರವಿದ್ದು, ಹೊರಮೈಗೆ ಸುತ್ತಿಕೊಂಡ ಮೆಟ್ಟಿಲುಗಳನ್ನೇರಿ ಮೇಲೆ ನಿಂತರೆ ಇಡೀ ಊರಿನ ಗುಮ್ಮಟಗಳ ನಡುವೆ ಸೂರ್ಯಾಸ್ತ ಕಾಣುತ್ತದೆ. ಮೆಟ್ಟಿಲು ಕಡಿದಾಗಿರುವುದರಿಂದ ತಾಯಿಯವರು ಕೆಳಗೆ ಚಹಾ ಕುಡಿಯುತ್ತ ಕುಳಿತಿರಲಿ. ಮರಳುವಾಗ ಟಾಂಗಾ ಸಿಕ್ಕರೆ ಬಾಡಿಗೆಯನ್ನು ಮೊದಲೇ ಮಾತನಾಡಿಕೊಂಡು ಎಲ್ಲರೂ ಹತ್ತಿ, ಎರಡನೆಯ ಅಲಿ ಆದಿಲಶಾಹನ ಸಮಾಧಿಯಾದ, ಮಾಡು ಕಾಣದೆ ನಿಂತ ಬಾರಾ ಕಮಾನನ್ನು ಹಾದು ಬನ್ನಿ. ಆ ಕಮಾನುಗಳು ಮುಸ್ಸಂಜೆಯ ಆಕಾಶದೆದುರು ಕಾಣುವಷ್ಟು ಚೆನ್ನಾಗಿ ಹಗಲಿನಲ್ಲಿ ಕಾಣುವುದಿಲ್ಲ.

ವಿಜಯಪುರದಿಂದ ಸಂಜೆ ಆಲಮಟ್ಟಿಗೆ ಹೋಗಿ ಸಂಗೀತ ಕಾರಂಜಿ ನೋಡಿ ಮರಳಬಹುದೆಂದು ಇನ್ನೊಬ್ಬರು ಬರೆದಿದ್ದಾರೆ. ಕಾರಂಜಿ ಚೆನ್ನಾಗಿಯೇ ಇದೆ, ಆದರೆ ಒಂದು ದಿಕ್ಕಿಗೇ 60 ಕಿ.ಮೀ.ಗಿಂತ ಹೆಚ್ಚು ದೂರ, ಮರಳುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಾರೆ, ನೀವು ನಿದ್ರೆಯೊಡನೆ ಹೋರಾಡುತ್ತೀರಿ. ನೀವು ದಾವಣಗೆರೆಗೆ ಮರಳುವ ಹಾದಿ ಹೇಗೂ ಆಲಮಟ್ಟಿಯ ಪಕ್ಕದಲ್ಲೇ ಹೋಗುತ್ತದೆ. ನಾಲ್ಕನೆಯ ರಾತ್ರಿಗೆ ರಜೆ ಇದ್ದರೆ ಅಂದು ಸಂಜೆ ಕಾರಂಜಿ ನೋಡಿ, ಹೆದ್ದಾರಿಯಲ್ಲೇ ಮುಂದುವರಿದು ಕೂಡಲಸಂಗಮದಲ್ಲಿ ತಂಗಿ. ಇದು ಚತುಷ್ಪಥ ರಸ್ತೆಯಾದ್ದರಿಂದ ಕತ್ತಲಲ್ಲಿ ಓಡಿಸಬಾರದೆಂಬ ನನ್ನ ನಿಯಮವನ್ನು ಇಲ್ಲಿ ಮಾತ್ರ ಸಡಿಲಿಸುತ್ತೇನೆ. ಕೃಷ್ಣೆ ಮಲಪ್ರಭೆಯರು ಕೂಡುವ ಆ ದಂಡೆಯಲ್ಲಿ ಬೆಳಗಿನ ಜಾವ ಕುಳಿತು, ನೀರಿನ ನಡುವೆ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಸ್ಥಳವನ್ನು ಕಂಡು ಹೊರಡಬಹುದು.

ಇನ್ನು ಬೋರ್ಡ್ ಆಟಗಳ ವಿಷಯ. ಡಿಕ್ಕಿಯಲ್ಲಿ ಅವುಗಳಿಗೆ ಜಾಗ ಕೊಡಬೇಡಿ. ಒಂದು ಸೀಮೆಸುಣ್ಣದ ತುಂಡು ತನ್ನಿ, ಯಾವುದೇ ಕಿರಾಣಿ ಅಂಗಡಿಯಲ್ಲಿ ಹುಣಸೆಬೀಜ ಸಿಗುತ್ತದೆ. ನಾಲ್ಕು ಬೀಜಗಳ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬಿಳಿಯಾಗಿಸಿದರೆ ಚೌಕಾಬಾರಕ್ಕೆ ಕವಡೆ ಸಿದ್ಧ. ನೆಲಕ್ಕೆ ಮನೆ ಬರೆಯುವುದನ್ನು ತಾಯಿಯವರಿಗೇ ಬಿಡಿ, ನಿಯಮಗಳ ಜಗಳವನ್ನೂ ಅವರೇ ತೀರ್ಮಾನಿಸಲಿ. ಬೆಳಿಗ್ಗೆ ಕೋಣೆ ಬಿಡುವಾಗ ಒದ್ದೆ ಬಟ್ಟೆಯಿಂದ ಆ ಗೆರೆಗಳನ್ನು ಒರೆಸಿಬಿಡಿ, ಲಾಡ್ಜಿನವರು ತಕರಾರು ಮಾಡುವುದಿಲ್ಲ.