ತಮ್ಮನನ್ನು ಬಿಡದೆ ಮಕ್ಕಳನ್ನು ಕಾಯುವುದು ಹೇಗೆ?

ಪ್ರಶ್ನೆ: ನನ್ನ ತಮ್ಮ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನೆ. ಮೂರು ವರ್ಷದ ಹಿಂದೆ ಬಲೆ ಎಳೆಯುವಾಗ ಸೊಂಟಕ್ಕೆ ಪೆಟ್ಟಾಯಿತು. ಅಂದು ನೋವಿಗೆಂದು ಶುರುವಾದ ಟ್ರಮಡಾಲ್ ಮಾತ್ರೆ ಇನ್ನೂ ನಿಂತಿಲ್ಲ. ಈಗ ವೈದ್ಯರ ಚೀಟಿಯಿಲ್ಲದೆ ಎಲ್ಲಿಂದಲೋ ತರುತ್ತಾನೆ. ಅವನ ಹೆಂಡತಿಯೂ ರಾತ್ರಿ ಅದನ್ನೇ ನುಂಗತೊಡಗಿದ್ದಾಳೆ. ಏಳು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ದಡದಲ್ಲಿದ್ದ ದಿನ ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವವನು ಅವನೇ. ಅಮ್ಮ ದೈವದ ಮುಂದೆ ಪ್ರಮಾಣ ಮಾಡಿಸಿದರು. ಹನ್ನೆರಡು ದಿನ ನಡೆಯಿತು. ಮಕ್ಕಳನ್ನು ನಮ್ಮ ಮನೆಗೆ ಕರೆತಂದುಬಿಡು ಎನ್ನುತ್ತಾರೆ ನನ್ನ ಗಂಡ. ಪೊಲೀಸರಿಗೆ ಹೇಳಲೇ, ಸುಮ್ಮನಿರಲೇ?
– ಒಬ್ಬ ಅಕ್ಕ, ಮಂಗಳೂರು

ಉತ್ತರ: ಅಕ್ಕ, ಆ ಹನ್ನೆರಡು ದಿನವನ್ನು ಸುಳ್ಳು ಪ್ರಮಾಣವೆಂದು ಎಣಿಸಬೇಡಿ. ಈ ಮಾತ್ರೆ ಅಫೀಮಿನ ಬಳಗದ್ದು. 2018ರಿಂದ ಮಾದಕ ವಸ್ತು ಕಾಯ್ದೆಯಡಿ ಬಂದಿದೆ. ಬಿಟ್ಟವರಿಗೆ ಮೈಕೈ ಸೆಳೆತ, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು. ಅದರ ಜೊತೆಗೆ ಹಳೆಯ ಸೊಂಟನೋವೂ ಮರಳಿರುತ್ತದೆ. ಯಾವ ಔಷಧದ ಆಸರೆಯೂ ಇಲ್ಲದೆ ಅವನು ಅದನ್ನು ಹನ್ನೆರಡು ದಿನ ತಡೆದುಕೊಂಡಿದ್ದಾನೆ. ದೈವದ ಮೇಲಿನ ನಂಬಿಕೆ ಇರಲಿ, ವೈದ್ಯರೂ ಬೇಕು. ಒಂದು ಎಚ್ಚರ: ಕೆಲವು ದಿನ ಬಿಟ್ಟ ದೇಹ ಮೊದಲಿನಷ್ಟು ಮಾತ್ರೆಯನ್ನು ತಾಳುವುದಿಲ್ಲ. ಮತ್ತೆ ಅಷ್ಟೇ ನುಂಗಿದರೆ ಉಸಿರೇ ನಿಲ್ಲಬಹುದು. ಹಾಗಾಗಿ ಬೈದು, ಕೂಡಿಹಾಕಿ ಬಿಡಿಸಲು ಹೋಗಬೇಡಿ.

ಪೊಲೀಸರ ಮಾತು ಸದ್ಯಕ್ಕೆ ಬೇಡ. ಸೇವನೆಗಾಗಿ ಸಿಕ್ಕಿಬಿದ್ದವರು ತಾವಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ, 1985ರ ಆ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಇದನ್ನು ತಮ್ಮನಿಗೆ ಹೇಳಿ. ನಾದಿನಿಯ ಹತ್ತಿರ ಬೇರೆಯಾಗಿ ಕುಳಿತು ಮಾತನಾಡಿ. ಮಕ್ಕಳನ್ನು ಕಿತ್ತುಕೊಳ್ಳುತ್ತಾರೆಂಬ ಭಯದಲ್ಲೇ ಎಷ್ಟೋ ತಾಯಂದಿರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ನಿಮ್ಮ ಮೊದಲ ಮಾತು "ಮಕ್ಕಳನ್ನು ಒಯ್ಯಲು ಬಂದಿಲ್ಲ" ಎಂದೇ ಇರಲಿ.

ಆದರೆ ಮಕ್ಕಳ ವಿಷಯದಲ್ಲಿ ನಾಳೆಯವರೆಗೂ ಕಾಯಬೇಡಿ. ಮೂರು ವರ್ಷದ ಮಗುವಿಗೆ ಆ ಮಾತ್ರೆ ಒಂದೇ ಆದರೂ ಪ್ರಾಣಕ್ಕೆ ಕುತ್ತು ತರಬಹುದು. ದಿಂಬಿನಡಿ, ಅಂಗಿಯ ಕಿಸೆ, ಅಕ್ಕಿ ಡಬ್ಬಿ ಎಲ್ಲೂ ಇಡಕೂಡದು. ಬೀಗವಿರುವ ಪೆಟ್ಟಿಗೆಯೊಂದನ್ನು ನೀವೇ ಕೊಂಡುಹೋಗಿ ಕೊಡಿ. ಪೆಟ್ಟಿಗೆ ಕೊಟ್ಟರೆ ಚಟಕ್ಕೆ ಒಪ್ಪಿಗೆ ಕೊಟ್ಟಂತಲ್ಲ. ಮಾತ್ರೆ ತೆಗೆದುಕೊಂಡ ದಿನ ಸ್ಕೂಟರಿನಲ್ಲಿ ಮಗಳು ಕೂರಬಾರದು, ಅಜ್ಜಿ ಬಸ್ಸಿನಲ್ಲಿ ಕರೆದೊಯ್ಯಲಿ. ಗಂಡ ಹೆಂಡತಿ ಇಬ್ಬರೂ ಒಂದೇ ರಾತ್ರಿ ಅಮಲಿನಲ್ಲಿರಬಾರದು; ಹಾಗಾದರೆ ಮಕ್ಕಳು ಅಜ್ಜಿಯ ಪಕ್ಕ ಮಲಗಲಿ. ಯಾರನ್ನಾದರೂ ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ ತುಟಿ ನೀಲಿಗಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ, ಏನು ನುಂಗಿದ್ದಾರೆಂದು ಮುಚ್ಚಿಡದೆ ಹೇಳಿ. ಮಕ್ಕಳು ಊಟವಿಲ್ಲದೆ ಉಳಿಯುತ್ತಿದ್ದರೆ, ಪೆಟ್ಟು ತಿನ್ನುತ್ತಿದ್ದರೆ ಮಾತ್ರ ನನ್ನ ಸಲಹೆ ಬೇರೆ: ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಏಳು ವರ್ಷದ ಹುಡುಗಿಗೆ ಎಲ್ಲವೂ ಕಾಣುತ್ತದೆ, ಅಕ್ಕ. ಅಪ್ಪನಿಗೆ ಹುಷಾರಿಲ್ಲ, ಅದು ನಿನ್ನಿಂದ ಆದದ್ದಲ್ಲ ಎಂದು ಅವಳಿಗೆ ಹೇಳಿ. ಅಪ್ಪ ಇವತ್ತು ಎಷ್ಟು ನುಂಗಿದ ಎಂದು ಮಾತ್ರ ಅವಳನ್ನು ಯಾರೂ ಕೇಳಬಾರದು.

ಇಂದೇ 14446ಕ್ಕೆ ಕರೆ ಮಾಡಿ. ವ್ಯಸನಮುಕ್ತಿಗೆಂದೇ ಇರುವ ಉಚಿತ ರಾಷ್ಟ್ರೀಯ ಸಹಾಯವಾಣಿ ಅದು. ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿಸಿ. ಈ ಚಟ ಬಿಡಿಸಲು ವೈದ್ಯರು ಕೊಡುವ ಬುಪ್ರಿನಾರ್ಫಿನ್‌ನಂಥ ಔಷಧ ಬೇಕೇ, ಸೊಂಟನೋವಿಗೆ ಬೇರೆ ದಾರಿ ಏನು ಎಂದು ಕೇಳಿ. ನೋವು ಹಾಗೆಯೇ ಉಳಿದರೆ ಮಾತ್ರೆಯೂ ಉಳಿಯುತ್ತದೆ.

ಹೊರರೋಗಿಯಾಗಿ ಈಗಲೇ ಶುರುವಾಗಲಿ. ದಾಖಲಾಗಬೇಕೆಂದು ವೈದ್ಯರು ಹೇಳಿ, ಕಾಯಬಹುದು ಎಂದೂ ಅವರೇ ಅಂದರೆ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಕ್ಕೆಯಲ್ಲೇ ಇರುವ 61 ದಿನ ಇದೆ. ಸಂಬಳ ತಪ್ಪುತ್ತದೆಂಬ ಮಾತೂ ಬರುವುದಿಲ್ಲ, ಎಲ್ಲಿಗೆ ಹೋದ ಎಂದು ಬೋಟಿನವರು ಕೇಳುವುದೂ ಇಲ್ಲ. ಆದರೆ ಅಷ್ಟರಲ್ಲಿ ಶಾಲೆ ಶುರುವಾಗಿರುತ್ತದೆ. ಮಕ್ಕಳನ್ನು ಮಂಗಳೂರಿಗೆ ತರುವ ಬದಲು ಆ ವಾರಗಳಲ್ಲಿ ನೀವೇ ಮಲ್ಪೆಯ ಮನೆಯಲ್ಲಿ ಹೋಗಿ ಇರಲು ಆದೀತೇ? ನಿಮ್ಮ ಗಂಡನನ್ನು ಕೇಳಿ ನೋಡಿ.