ಮರದಚ್ಚಿನ ಸಂತಚಿತ್ರಗಳು ಯಾರಿಗಾಗಿ?

ಪ್ರಶ್ನೆ: 15ನೇ ಶತಮಾನದ ಯುರೋಪಿನಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ಸಂತರ ಚಿತ್ರಗಳು ಅನಕ್ಷರಸ್ಥ ಬಡವರಿಗೆ ಧರ್ಮವನ್ನು ಬೋಧಿಸಲೆಂದೇ ಹುಟ್ಟಿದವು ಎಂದು ಓದಿದ್ದೇನೆ. ಇದು ನಿಜವೇ?

ಉತ್ತರ: ಭಾಗಶಃ ಮಾತ್ರ ನಿಜ. ಬೋಧನೆಗಿಂತ ರಕ್ಷಣೆಯೇ ಈ ಚಿತ್ರಗಳ ಮುಖ್ಯ ಕೆಲಸವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ದಕ್ಷಿಣ ಜರ್ಮನಿಯ ಬುಕ್ಸ್‌ಹೈಮ್ ಮಠದಲ್ಲಿ ದೊರೆತು ಈಗ ಮ್ಯಾಂಚೆಸ್ಟರಿನ ಗ್ರಂಥಾಲಯವೊಂದರಲ್ಲಿರುವ ಸಂತ ಕ್ರಿಸ್ಟೋಫರನ ಮುದ್ರಣವನ್ನೇ ನೋಡಿ. ಬಾಲಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುತ್ತಿರುವ ಸಂತನ ಕೆಳಗೆ ಎರಡು ಸಾಲಿನ ಲ್ಯಾಟಿನ್ ಪದ್ಯವೂ 1423 ಎಂಬ ವರ್ಷವೂ ಕೆತ್ತಲ್ಪಟ್ಟಿವೆ. ಈ ಮುಖವನ್ನು ಯಾವ ದಿನ ಕಾಣುವೆಯೋ ಆ ದಿನ ನಿನಗೆ ದುರ್ಮರಣವಿಲ್ಲ ಎಂಬುದು ಪದ್ಯದ ತಾತ್ಪರ್ಯ. ಪಾಪನಿವೇದನೆಗೂ ಸಾಯುವ ಮುನ್ನ ಪಾದ್ರಿ ನೆರವೇರಿಸುವ ಕೊನೆಯ ವಿಧಿಗಳಿಗೂ ಅವಕಾಶ ಸಿಗದೆ ಹಠಾತ್ತನೆ ಸಾಯುವುದನ್ನು ಅಂದಿನ ಜನ ಸಾವಿಗಿಂತಲೂ ಹೆಚ್ಚಾಗಿ ಅಂಜುತ್ತಿದ್ದುದರಿಂದ, ದಿನಕ್ಕೊಮ್ಮೆ ಕಣ್ಣಿಗೆ ಬೀಳುವಂತೆ ಮನೆಯಲ್ಲಿಯೇ ಸಂತನಿರುವುದು ದೊಡ್ಡ ಭರವಸೆಯಾಗಿತ್ತು. ದೇವರ ಪಟ ಬರಿಯ ನೋಡುವ ವಸ್ತುವಲ್ಲವೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಪವಾಡವೂ ಚರ್ಚಿನ ಭವ್ಯ ವರ್ಣಚಿತ್ರಗಳ ಸೊತ್ತಾಗಿ ಉಳಿಯಲಿಲ್ಲ. ಇಟಲಿಯ ಫೋರ್ಲಿ ಪಟ್ಟಣದಲ್ಲಿ 1428ರಲ್ಲಿ ಶಾಲೆಯೊಂದು ಸುಟ್ಟುಹೋದಾಗ ಗೋಡೆಯ ಮೇಲಿದ್ದ ಮಾತೆ ಮರಿಯಳ ಕಾಗದದ ಚಿತ್ರ ಉರಿಯದೆ ಉಳಿಯಿತೆಂದು ಜನ ನಂಬಿದರು. ಆ ಚಿತ್ರಕ್ಕೆ ಅಲ್ಲಿನ ಪ್ರಧಾನ ಚರ್ಚಿನಲ್ಲಿ ಇಂದಿಗೂ ಪೂಜ್ಯ ಸ್ಥಾನವಿದೆ. ಮರಣಾನಂತರದ ಶಿಕ್ಷೆ ಇಷ್ಟು ವರ್ಷ ಕಡಿಮೆಯಾಗುವುದೆಂಬ ಭರವಸೆಯನ್ನು ಪ್ರಾರ್ಥನೆಯೊಡನೆ ಅಚ್ಚು ಹಾಕಿದ ಹಾಳೆಗಳೂ ಇದ್ದವು.

ಇದೆಲ್ಲ ಸಾಧ್ಯವಾದದ್ದು ಕಾಗದ ಅಗ್ಗವಾದ್ದರಿಂದ. ನ್ಯೂರೆಂಬರ್ಗಿನಲ್ಲಿ 1390ರಲ್ಲಿಯೇ ಕಾಗದದ ಗಿರಣಿ ಆರಂಭವಾಗಿತ್ತು. ಹೊರಗಿನಿಂದ ಬರುವ ಇಸ್ಪೀಟು ಎಲೆಗಳನ್ನೂ ಮುದ್ರಿತ ಚಿತ್ರಗಳನ್ನೂ ವೆನಿಸ್ ಆಡಳಿತವು ಸ್ಥಳೀಯ ಕುಶಲಕರ್ಮಿಗಳ ದೂರಿನ ಮೇರೆಗೆ 1441ರಲ್ಲಿ ನಿಷೇಧಿಸಿತು. ಸಂತರೂ ಜೂಜಿನ ಎಲೆಗಳೂ ಒಂದೇ ವ್ಯಾಪಾರದ ಸರಕಾಗಿದ್ದವೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಒಂದು ಎಚ್ಚರ ಅಗತ್ಯ. ಗೋಡೆಗೆ, ಪೆಟ್ಟಿಗೆಗೆ ಅಂಟಿಸಿದ ಹಾಳೆಗಳು ಬಹುಪಾಲು ಹರಿದು, ಮಸಿ ಹಿಡಿದು ನಾಶವಾದವು. ಬುಕ್ಸ್‌ಹೈಮ್ ಚಿತ್ರ ಉಳಿದದ್ದು ಹಸ್ತಪ್ರತಿಯೊಂದರ ರಟ್ಟಿನ ಒಳಬದಿಗೆ ಅಂಟಿಕೊಂಡಿದ್ದರಿಂದ. ಹೀಗಾಗಿ ನಮಗೆ ದೊರೆಯುವ ಪುರಾವೆಯಲ್ಲಿ ಮಠವಾಸಿಗಳ, ಅಂದರೆ ಓದುಬಲ್ಲವರ ಪಾಲೇ ದೊಡ್ಡದು. ಬಡವರ ಮನೆಗಳಲ್ಲಿ ಇವು ಎಷ್ಟಿದ್ದವೆಂದು ಉಳಿದ ಪ್ರತಿಗಳನ್ನು ಎಣಿಸಿ ನಿರ್ಧರಿಸಲಾಗದು.